ಒಪ್ಪಿದವರು ಕೈ ಎತ್ತಿ

ಮುಳುಗುತ್ತಿದ್ದ ಸಾಫ್ಟ್‌ವೇರ್ ಕಂಪನಿಯೊಂದರ ಷೇರುದಾರರ ಸಭೆ. "ಹೊಸ ಷೇರು ಬಿಡ್ತಿದ್ದೀವಿ. ನೀವು ಕೊಳ್ಳದಿದ್ರೆ ಕಂಪನಿಗೆ ಬೀಗ, ಕೊಂಡರೆ ಬಂಗಾರ! ಒಪ್ಪಿದವರು ಕೈ ಎತ್ತಿ," ಎಂದು ಚೇರ್ಮನ್ ಗುಡುಗಿದರು. ಉಳಿತಾಯವನ್ನೆಲ್ಲ ಅಲ್ಲೇ ಹಾಕಿದ್ದ ರುಕ್ಮಾಂಗದ ಮೇಷ್ಟ್ರು ಹೆದರಿ ಕೈ ಎತ್ತುವಷ್ಟರಲ್ಲಿ, ಪಕ್ಕದಲ್ಲಿದ್ದ ಟೈಲರ್ ಪುಟ್ಟತಾಯಮ್ಮ ಎದ್ದು ನಿಂತರು.

"ಬಂಗಾರ ಅಂದ್ಮೇಲೆ ದೊಡ್ಡವರಿಗಿಂತ ಮೊದಲು ನಾವು ಮುಟ್ಟೋದು ಚೆನ್ನಾಗಿರಲ್ಲ ಸ್ವಾಮಿ. ಸ್ವಂತ ದುಡ್ಡಲ್ಲಿ ಕೊಳ್ಳೋ ಡೈರೆಕ್ಟರುಗಳು ಮೊದಲು ಕೈ ಎತ್ತಲಿ. ಅವರ ಹಿಂದೇನೇ ನಾವೂ ಎತ್ತೀವಿ."

ವೇದಿಕೆ ಮೇಲಿದ್ದ ಡೈರೆಕ್ಟರುಗಳಲ್ಲಿ ಒಬ್ಬರು ಫ್ಯಾನು ನೋಡಿದರು, ಇನ್ನೊಬ್ಬರು ತಮ್ಮ ಬೂಟು ನೋಡಿಕೊಂಡರು. ಮೇಷ್ಟ್ರು ಮಾತ್ರ ದೇವರನ್ನು ಕಂಡವರಂತೆ ಪುಟ್ಟತಾಯಮ್ಮನನ್ನೇ ನೋಡುತ್ತಿದ್ದರು.

ಚೇರ್ಮನ್ನರ ಹಣೆಯ ಬೆವರು ಇಳಿದು ಮೂಗಿನ ತುದಿಯಲ್ಲಿ ತೂಗಾಡಿತು. ಒರೆಸಿಕೊಳ್ಳೋಣವೆಂದರೆ, ಪಾಪ, ಕೈ ಎತ್ತುವ ಧೈರ್ಯ ಅವರಿಗಾಗಲಿಲ್ಲ.