ಪಕ್ಕದ ಪೆಟ್ಟಿಗೆಯ ಅಣಬೆ

ಮುಚ್ಚಳ ಸರಿದಿದ್ದ ಮಂಗಳವಾರ ಎಲೆಕತ್ತರಿ ಇರುವೆ ಕೆಂಚಿ ಮೊದಲ ಸಲ ಪ್ರಯೋಗಾಲಯದಲ್ಲಿ ತನ್ನ ಗೂಡಿದ್ದ ಗಾಜಿನ ಪೆಟ್ಟಿಗೆ ಬಿಟ್ಟು ಹೊರಟಳು. ಎಲೆಚೂರಿನ ಮೇಲೆ ಬೆಳೆಸಿ ಗೂಡಿನವರೆಲ್ಲ ಉಣ್ಣುವ ಅಣಬೆತೋಟ ಬೂಷ್ಟು ಹಿಡಿದು ಸಾಯುತ್ತಿತ್ತು. ಪಕ್ಕದ ಪೆಟ್ಟಿಗೆಯ ಕಾವಲಿನವಳು ಅವಳನ್ನು ಮೂಸಿ, "ವಾಸನೆ ನಮ್ಮದಲ್ಲ, ಹಸಿವು ನಮ್ಮದೇ. ತಗೊಂಡು ಹೋಗವ್ವ," ಎಂದು ತುಣುಕು ಅಣಬೆ ಕೊಟ್ಟಳು.

ನೆಟ್ಟ ಮೇಲೆ ತೋಟ ಚಿಗುರಿತು. "ಎಲ್ಲಿ ಸಿಕ್ತೇ?" ಎಂದು ಗೂಡಿನ ಅಕ್ಕಂದಿರು ಕೇಳಿದರೆ ಕೆಂಚಿ, "ದಾರೀಲಿ ಬಿದ್ದಿತ್ತು," ಎಂದಳು.

ಪಕ್ಕದವರಿಗೆ ಎಲೆ ಸಿಗದ ದಿನ ಆ ಕಾವಲಿನವಳೇ ಬೇಡಿಕೊಂಡು ಬಂದಳು. ಅಕ್ಕಂದಿರು ದವಡೆ ತೆರೆದರು. "ಪರವಾಸನೆ! ಕೆಂಚಿ, ಇವಳ ಗುರುತುಂಟೇನೇ?"

"ಇಲ್ಲ."

ಬಂದವಳು ಅಕ್ಕಂದಿರ ಕಡಿತಕ್ಕೆ ಒಂದು ಕಾಲು ಕಳಕೊಂಡು, ಕೆಂಚಿಯನ್ನು ಒಮ್ಮೆ ನೋಡಿ, ಕುಂಟುತ್ತ ಹೋದಳು.

ಅಂದು ಕೆಂಚಿ ತನ್ನ ಪಾಲಿನ ಅಣಬೆ ಮುಟ್ಟದೆ ಎದ್ದಳು. ಅಗಲವಾದೊಂದು ಎಲೆ ಕತ್ತರಿಸಿ ಹೊತ್ತುಕೊಂಡಳು.

"ಮತ್ತೆಲ್ಲಿಗೆ ಹೊರಟೆಯೇ, ತಿರುಗಾಡಿ?" ಎಂದರು ಅಕ್ಕಂದಿರು.

"ನಮಗೆ ಅಣಬೆ ಕೊಟ್ಟವಳ ಮನೆಗೆ," ಎಂದಳು ಕೆಂಚಿ, ತಲೆ ಎತ್ತದೆ.