ಏಳು ಬಾಯಿಯ ಒಲೆ

"ಮೇಷ್ಟ್ರೇ, ಯಾರೂ ಬಳಸದ ಆಪರೇಟಿಂಗ್ ಸಿಸ್ಟಮ್ ಒಂದನ್ನು ಕಟ್ಟುತ್ತಾ ಕೂರುವುದರಲ್ಲಿ ಅರ್ಥವಿದೆಯೇ?"

ಕೇಳಿದವಳು ಕುಮುದಾ. ಚೆನ್ನಕೇಶವಯ್ಯ ಮೇಷ್ಟ್ರ ಹಳೆಯ ಶಿಷ್ಯೆ. ಮೇಷ್ಟ್ರು ಮೂವತ್ತು ವರ್ಷ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು. ಕುಮುದಾ ಮತ್ತು ಅವಳ ಮೂವರು ಗೆಳೆಯರು ಆರು ವರ್ಷಗಳಿಂದ ಮೈಕ್ರೋಕರ್ನೆಲ್ ಮಾದರಿಯ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದರು. ಜನ ಬಳಸುವ ದೊಡ್ಡ ವ್ಯವಸ್ಥೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕೆಲಸವೂ ಒಂದೇ ತಿರುಳಿನೊಳಗೆ, ಅಂದರೆ ಕರ್ನೆಲ್ಲಿನೊಳಗೆ, ನಡೆಯುತ್ತದೆ. ಇವರದರಲ್ಲಿ ತಿರುಳು ತೀರ ಚಿಕ್ಕದು. ಮಿಕ್ಕ ಕೆಲಸಗಳೆಲ್ಲ ಹೊರಗೆ, ತಂತಮ್ಮ ಗೋಡೆಯ ಒಳಗೆ.

"ಬಳಸುವವರು ನಲವತ್ತು ಜನವೂ ಇಲ್ಲ ಮೇಷ್ಟ್ರೇ. ದೊಡ್ಡದರ ಕೆಲಸಕ್ಕೆ ಬಾ ಅಂತ ಎಲ್ಲರೂ ಕರೆಯುತ್ತಾರೆ. ಇದನ್ನು ಮುಚ್ಚುವುದೋ ಬೇಡವೋ ಅಂತ ನಾಳೆ ಗೆಳೆಯರಿಗೆ ಹೇಳಬೇಕು. ಆರು ವರ್ಷ ನೀರಿನಲ್ಲಿ ಹೋಮ ಮಾಡಿದೆನೇನೋ ಅನ್ನಿಸುತ್ತಿದೆ." ಅವಳು ಕಣ್ಣು ಒರೆಸಿಕೊಂಡಳು.

ಮೇಷ್ಟ್ರು ಸಮಾಧಾನ ಹೇಳುವ ಜಾತಿಯವರಲ್ಲ. "ಕೂತುಕೋ. ಅಳುವುದಾದರೆ ಕತೆ ಮುಗಿದ ಮೇಲೆ ಅಳು" ಎಂದು ಶುರುಮಾಡಿದರು.

ಯಾತ್ರಿಕರು ಹಾದುಹೋಗುವ ಒಂದು ಊರು. ಅಲ್ಲೊಂದು ಛತ್ರ. ಛತ್ರದಲ್ಲಿ ಒಂದು ದೊಡ್ಡ ಒಲೆ. ಒಲೆಗೆ ಬಾಯಿ ಏಳು, ಬೆಂಕಿ ಒಂದೇ. ಒಂದು ಕಡೆ ಸೌದೆ ತುರುಕಿದರೆ ಅನ್ನ, ಹುಳಿ, ಸಾರು, ಪಲ್ಯ, ಪಾಯಸ, ಹಾಲು, ಬಿಸಿನೀರು ಎಲ್ಲವೂ ಒಟ್ಟಿಗೆ ಬೇಯುತ್ತಿದ್ದವು. ಸಾವಿರ ಎಲೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಊಟ ಸಿದ್ಧ. ಅದನ್ನು ಕಟ್ಟಿದವನು ಭಾರಿ ಜಾಣ. ಅದರಲ್ಲಿ ಎರಡು ಮಾತಿಲ್ಲ.

ಆದರೆ ವಾರಕ್ಕೆ ಎರಡು ಮೂರು ಸಲ ಪಾಯಸವೋ ಹಾಲೋ ಉಕ್ಕಿ ಒಳಗೆ ಸುರಿಯುತ್ತಿತ್ತು. ಬೆಂಕಿ ಚೊಂಯ್ ಎಂದು ಆರಿಹೋಗುತ್ತಿತ್ತು. ಆಗ ಅರೆಬೆಂದ ಏಳೂ ಪಾತ್ರೆ ಇಳಿಸಬೇಕು, ಒದ್ದೆ ಬೂದಿ ತೋಡಬೇಕು, ಮತ್ತೆ ಹೊತ್ತಿಸಬೇಕು. ಜನ ಅಷ್ಟು ಹೊತ್ತು ಎಲೆಯ ಮುಂದೆ ಕೂತಿರಬೇಕು.

ಯಾರಾದರೂ ಬೇಸರಪಟ್ಟರೇ? ಎಲ್ಲಿ ಬಂತು! ಒಲೆ ಆರಿದಾಗ ಜಾಗಟೆ ಬಾರಿಸುವ ಪದ್ಧತಿ ಮಾಡಿಕೊಂಡರು. ಕಾಯುವವರಿಗೆ ಪಾನಕ ಕೊಡುವ ಪದ್ಧತಿ ಮಾಡಿಕೊಂಡರು. ಮತ್ತೆ ಹೊತ್ತಿಸುವ ಹಕ್ಕು ಒಂದು ಮನೆತನಕ್ಕೆ ಹೋಯಿತು, ಆ ಮನೆತನಕ್ಕೆ ಮೊದಲ ತಾಂಬೂಲವೂ ಹೋಯಿತು. ಆರುವುದು ಬೆಂಕಿಯ ಸ್ವಭಾವ, ನಾವೇನು ಮಾಡಲಾದೀತು ಎಂದು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಟ್ಟರು. ಮೂರು ತಲೆಮಾರು ಹೀಗೆಯೇ ಉಂಡಿತು.

ಆ ಛತ್ರಕ್ಕೆ ಒಬ್ಬ ಅಡಿಗೆಯವನು ಬಂದ. ಮೊದಲ ವಾರವೇ ಒಲೆ ಆರಿತು. ಎಲ್ಲರೂ ಪಾನಕ ಕುಡಿಯುತ್ತಿದ್ದರೆ ಇವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಉಕ್ಕಿದ್ದು ಪಾಯಸ, ಅನ್ನ ಮಾಡಿದ ತಪ್ಪೇನು ಎಂಬ ಪ್ರಶ್ನೆ ಅವನ ತಲೆ ಹೊಕ್ಕಿತು. ಹೊಕ್ಕದ್ದು ಹೊರಗೆ ಹೋಗಲಿಲ್ಲ.

ಹಿತ್ತಲಲ್ಲಿ ಒಂದು ಪಾಳು ಕೊಟ್ಟಿಗೆ ಇತ್ತು. ಅಲ್ಲಿ ಏಳು ಪುಟ್ಟ ಒಲೆ ಹಾಕಿದ. ಒಂದೊಂದಕ್ಕೂ ಬೇರೆ ಬೆಂಕಿ, ನಡುವೆ ಮಣ್ಣಿನ ಗೋಡೆ. ತನ್ನ ಮಾತು ನಂಬಿದ ಏಳು ಜನರನ್ನು ಒಲೆಗೊಬ್ಬರಂತೆ ಕೂರಿಸಿ ತಾನು ನಡುವೆ ನಿಂತ. ನಡುವೆ ನಿಂತವನು ಸೌಟು ಮುಟ್ಟುವಂತಿಲ್ಲ. ಕೆಂಡ ಕೊಡುವುದು, ನೀರು ಕೊಡುವುದು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದು, ಇಷ್ಟೇ ಅವನ ಕೆಲಸ.

ಊರು ಬಿದ್ದುಬಿದ್ದು ನಕ್ಕಿತು. ಪಕ್ಕದ ಒಲೆಯಲ್ಲಿರುವ ಉಪ್ಪಿಗೂ ನಡುವಿನವನನ್ನು ಕೇಳಬೇಕಂತೆ! ಮೂಗಿಗಿಂತ ಮೂಗುತಿ ಭಾರ ಎಂದರು. ನಕ್ಕದ್ದು ಸುಳ್ಳಿಗಲ್ಲ. ಅವನ ಊಟ ದೊಡ್ಡ ಒಲೆಯ ಊಟಕ್ಕಿಂತ ಒಂದು ಗಳಿಗೆ ತಡವಾಗುತ್ತಿತ್ತು. ಸೌದೆಯೂ ಹೆಚ್ಚು ಸುಡುತ್ತಿತ್ತು.

ಅವನು ಜಗಳಕ್ಕೆ ಹೋಗಲಿಲ್ಲ. ಒಲೆಯಿಂದ ಒಲೆಗೆ ಹತ್ತು ಹೆಜ್ಜೆ ನಡೆಯುತ್ತಿದ್ದೇನಲ್ಲ, ಮೂರರಲ್ಲಿ ಆದೀತೇ ಎಂದು ಯೋಚಿಸಿದ. ಒಲೆಗಳನ್ನು ಒಡೆದು ದುಂಡಗೆ ಕಟ್ಟಿದ. ಮತ್ತೆ ಒಡೆದು ಮತ್ತೆ ಕಟ್ಟಿದ. ಎಂಟು ವರ್ಷ ಅದೇ ಕೆಲಸ. ಆಹಾ, ಎಂಥ ಹಟಮಾರಿ! ಕೊನೆಗೆ ಅವನು ನಿಂತಲ್ಲಿಂದಲೇ ಏಳೂ ಒಲೆಗೆ ಕೈ ನಿಲುಕುವಂತಾಯಿತು. ಆದರೂ ಅವನಲ್ಲಿ ಉಣ್ಣಲು ಬರುತ್ತಿದ್ದವರು ದಿನಕ್ಕೆ ಒಂಬತ್ತು ಜನ.

ಒಂಬತ್ತನೆಯ ವರ್ಷ, ಛತ್ರ ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರನಿಗೆ ಸೌದೆ ಒಟ್ಟಲು ಜಾಗ ಸಾಲದಾಯಿತು. ಅವನು ಗುದ್ದಲಿ ಹಿಡಿದ ಆಳುಗಳನ್ನು ಕರೆದುಕೊಂಡು ಹಿತ್ತಲಿಗೆ ಬಂದ.

"ಒಂಬತ್ತು ಜನರ ಊಟಕ್ಕೆ ಏಳು ಒಲೆ ಯಾಕಯ್ಯಾ? ಈ ಕೊಟ್ಟಿಗೆ ಕೆಡವುತ್ತೇನೆ" ಎಂದ.

ಅಡಿಗೆಯವನು ಒಲೆಗಳತ್ತ ನೋಡಿದ. ಎಂಟು ವರ್ಷದ ಮಣ್ಣು, ಎಂಟು ವರ್ಷದ ಬೆವರು. ಆದರೂ ಕೈ ಮುಗಿದು, "ಕೆಡವಿ ಸ್ವಾಮಿ. ಒಂದು ಹೊತ್ತು ಇಲ್ಲಿ ಉಂಡು ಆಮೇಲೆ ಕೆಡವಿ" ಎಂದ. ಉಣ್ಣು ಎಂದವನಿಗೆ ಇಲ್ಲ ಎನ್ನಲು ಪಾರುಪತ್ಯಗಾರನಿಗೂ ಬಾಯಿ ಬರಲಿಲ್ಲ. ಎಲೆಯ ಮುಂದೆ ಕೂತ.

ಹೇಳೀ ಕೇಳೀ ಅದೇ ದಿನ ಪಾಯಸ ಉಕ್ಕಬೇಕೆ! ಗೋಡೆಯಾಚೆ ಚೊಂಯ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಉಕ್ಕದೆ ಇರುವ ಪಾಯಸವನ್ನು ಅಡಿಗೆಯವನೂ ಕಂಡುಹಿಡಿದಿರಲಿಲ್ಲ, ಪಾಪ.

ಪಾರುಪತ್ಯಗಾರನಿಗೆ ಇದು ನಲವತ್ತು ವರ್ಷದ ಅಭ್ಯಾಸ. ಸದ್ದು ಕೇಳಿದ್ದೇ ತಡ, ಎಲೆಯಿಂದ ಹಿಂದೆ ಸರಿದು ಗೋಡೆಗೆ ಒರಗಿದ. ಜಾಗಟೆಗೆ ಕಾದ. ಪಾನಕಕ್ಕೆ ಕೈ ಚಾಚಿದ.

ಬಂದದ್ದು ಪಾನಕವಲ್ಲ. ಬಿಸಿ ಅನ್ನ ಬಂತು. ಅನ್ನದ ಮೇಲೆ ಹುಳಿ ಬಂತು. ಪಲ್ಯ ಬಂತು.

"ಒಲೆ ಆರಿತಲ್ಲಯ್ಯಾ?" ಎಂದ.

"ಆರಿದ್ದು ಪಾಯಸದ್ದು ಸ್ವಾಮಿ. ಅದನ್ನು ಹೊತ್ತಿಸುತ್ತಿದ್ದಾರೆ. ತಾವು ಅನ್ನ ಕಲಸಿಕೊಳ್ಳಿ."

ಪಾರುಪತ್ಯಗಾರ ಕಲಸಲಿಲ್ಲ. ಅನ್ನದ ಮೇಲೆ ಕೈ ಇಟ್ಟುಕೊಂಡು ಹಾಗೆಯೇ ಕೂತ. ನಲವತ್ತು ವರ್ಷ ತಾನು ಕುಡಿದ ಪಾನಕವೆಲ್ಲ ಅವನಿಗೆ ಒಟ್ಟಿಗೆ ನೆನಪಾಯಿತು. ನಾಚಿಕೆಯಾಯಿತು. ನಗುವೂ ಬಂತು. ಮಜ್ಜಿಗೆ ಬಡಿಸುವ ಮೊದಲೇ ಪಾಯಸವೂ ಬಂತು, ಸುಡುಸುಡು. ಉಂಡು ಎದ್ದವನು ಆಳುಗಳಿಗೆ ಗುದ್ದಲಿ ಎತ್ತಿಕೊಳ್ಳಲು ಹೇಳಿದ. ಸೌದೆಯನ್ನು ಬಾವಿಯ ಪಕ್ಕ ಒಟ್ಟಿಸಿದ.

ದೊಡ್ಡ ಒಲೆಯನ್ನು ಯಾರೂ ಕೆಡವಲಿಲ್ಲ, ಸಾವಿರ ಜನ ಉಣ್ಣಬೇಕಲ್ಲ. ಆದರೆ ಮರುವರ್ಷ ಅದಕ್ಕೆ ಮಣ್ಣು ಮೆತ್ತುವಾಗ ಪಾಯಸದ ಬಾಯಿಗೆ ಒಂದು ಗೋಡೆ ಎದ್ದಿತು, ಬೇರೆ ಬೆಂಕಿ ಬಂತು. ಅದರ ಮರುವರ್ಷ ಹಾಲಿನ ಬಾಯಿಗೂ ಆಯಿತು. ಪಾರುಪತ್ಯಗಾರನ ತಲೆಯೇ ತಲೆ ಎಂದು ಜನ ಹೊಗಳಿದರು. ಅಡಿಗೆಯವನು ಹಿತ್ತಲಲ್ಲಿ ತನ್ನ ಒಂಬತ್ತು ಎಲೆಗೆ ಬಡಿಸುತ್ತಾ ಇದ್ದ.

ಮೇಷ್ಟ್ರು ಕತೆ ನಿಲ್ಲಿಸಿದರು. ಕುಮುದಾಳಿಗೆ ತಡೆಯಲಾಗಲಿಲ್ಲ.

"ಇದೆಂಥ ನ್ಯಾಯ ಮೇಷ್ಟ್ರೇ? ಊರು ಕೊನೆಗೂ ಉಂಡದ್ದು ದೊಡ್ಡ ಒಲೆಯದನ್ನೇ. ಅವನ ಹೆಸರನ್ನೂ ಯಾರೂ ಹೇಳಲಿಲ್ಲ. ಅವನಲ್ಲಿ ಉಂಡವರು ಒಂಬತ್ತೇ ಜನ!"

ಮೇಷ್ಟ್ರು ಅವಳ ಮುಖವನ್ನೇ ನೋಡಿ ಹೇಳಿದರು: "ಆರುವುದು ಬೆಂಕಿಯ ಸ್ವಭಾವ ಎಂದು ಮೂರು ತಲೆಮಾರು ನಂಬಿದ್ದ ಊರಿಗೆ, ಅಲ್ಲ, ಅದು ನಾವು ಒಲೆ ಕಟ್ಟಿದ ರೀತಿ ಎಂದು ತೋರಿಸಲು ಅವನಿಗೆ ಒಂದೇ ಎಲೆ ಸಾಕಾಯಿತು, ನಿನಗೆ ಎಷ್ಟು ಬೇಕಮ್ಮಾ?"