ರಬ್ಬರು ಅಳಿಸದ ಐದು

ಪುಸ್ತಕದ ಹಿಂದಿನ ಪುಟದ ಉತ್ತರ ಇರುವುದು ತಾಳೆ ನೋಡಲು, ಎತ್ತಿ ಬರೆಯಲು ಅಲ್ಲ. ಜಾಮಿಟ್ರಿ ಬಾಕ್ಸಿನಲ್ಲಿದ್ದ ನಿಯಮ ಇದೊಂದೇ, ಅದನ್ನು ಮುರಿಯದವರು ಅಲ್ಲಿ ಯಾರೂ ಇರಲಿಲ್ಲ.

ಒಂಬತ್ತನೇ ತರಗತಿಯ ಮೇದಿನಿ, "ಸ್ವಲ್ಪ ಸಹಾಯ ಮಾಡ್ರಪ್ಪಾ" ಎಂದು ಹೋಮ್‌ವರ್ಕನ್ನು ಬಾಕ್ಸಿನ ಸಲಕರಣೆಗಳ ಮುಂದೆ ಹರಡಿ ಊಟಕ್ಕೆ ಎದ್ದಳು. ತ್ರಿಭುಜ ರಚಿಸಿ ಅದರ ಒಂದು ಕೋನ ಅಳೆಯಬೇಕಿತ್ತು. ಸ್ಕೇಲು ಗೆರೆ ಹಿಡಿಯಿತು, ಕೈವಾರ ಕಂಸ ಎಳೆಯಿತು, ಕೋನಮಾಪಕ ಬಗ್ಗಿ ನೋಡಿ ಅರವತ್ತೈದು ಡಿಗ್ರಿ ಎಂದಿತು. ಪೆನ್ಸಿಲ್ ಹಾಗೇ ಬರೆಯಿತು. ಪುಸ್ತಕದ ಹಿಂದೆ ನೋಡಿದರೆ ಅರವತ್ತು ಎಂದಿತ್ತು.

"ಕೈವಾರದ ತಿರುಪು ಸಡಿಲ, ಕಾಲು ಜಾರಿದೆ" ಎಂದಿತು ಸ್ಕೇಲು.

"ನಿನ್ನ ಸೊನ್ನೆ ಸವೆದು ಎಷ್ಟು ವರ್ಷವಾಯಿತು?" ಎಂದಿತು ಕೈವಾರ.

"ನಾನೇ ವಾರೆಯಾಗಿ ಕೂತಿದ್ದೆನೇನೋ" ಎಂದು ಕೋನಮಾಪಕ ಮಾತು ಬದಲಿಸಿತು.

"ಜಗಳ ಬೇಡ" ಎಂದು ಪೆನ್ಸಿಲ್ ರಬ್ಬರಿನತ್ತ ತಿರುಗಿತು. "ರಬ್ಬರಣ್ಣ, ಆ ಐದನ್ನು ಅಳಿಸು, ಸೊನ್ನೆ ನಾನು ಹಾಕುತ್ತೇನೆ. ಮೇಷ್ಟ್ರು ಕೋನ ಅಳೆಯುವುದಿಲ್ಲ, ಉತ್ತರ ನೋಡಿ ಟಿಕ್ ಹಾಕುತ್ತಾರೆ."

ಇಂಥ ಅಂಕಿಗಳನ್ನು ಅಳಿಸಿ ಅಳಿಸಿಯೇ ರಬ್ಬರು ಹುಣಸೆಬೀಜದಷ್ಟಾಗಿತ್ತು.

"ಪರೀಕ್ಷೆಯಲ್ಲಿ ಆ ಹುಡುಗಿಗೆ ಹಿಂದಿನ ಪುಟ ಇರುವುದಿಲ್ಲ" ಎಂದಿತು ಅದು. "ಅಳೆದದ್ದು ಸರಿಯಾಗಿದೆ. ಚಿತ್ರವೇ ತಪ್ಪು."

"ಇಡೀ ಚಿತ್ರ ಅಳಿಸಿದರೆ ಆಮೇಲೆ ನೀನೇ ಇರುವುದಿಲ್ಲವಲ್ಲೋ!" ಎಂದು ಪೆನ್ಸಿಲ್ ನಕ್ಕಿತು.

ರಬ್ಬರು ಐದನ್ನು ಮುಟ್ಟದೆ ದಾಟಿಹೋಗಿ, ತ್ರಿಭುಜದ ಮೊದಲ ಬಾಹುವನ್ನು ಅಳಿಸತೊಡಗಿತು.